ದೊಡವಾಡದ ಡಾಕ್ಟರಬಾಯಿ, ದೂರದೇಶದ ಅಳಿಯ

ಮದುವೆಯಾದ ಮಗಳು ತವರಿನಲ್ಲಿ ಎಂಟು ದಿನ ಇದ್ದರೆ ಊರು ಕುಶಲ ಕೇಳುತ್ತದೆ. ಮೂರು ತಿಂಗಳಿದ್ದರೆ ಕಾರಣ ಕೇಳುತ್ತದೆ. ದೊಡವಾಡದ ಸಿದ್ದಲಿಂಗವ್ವನಿಗೆ ಗಂಟುಬಿದ್ದಿದ್ದೂ ಇದೇ ಕಾಟ.

ಅವಳ ಮಗಳು ಐಶ್ವರ್ಯಾ ಊರಿನ ದನದ ಡಾಕ್ಟರು. ತರಬೇತಿಗೆಂದು ನೆದರ್ಲೆಂಡ್ಸ್‌ಗೆ ಹೋದಾಗ ಯಾನ್ ಎಂಬ ಹುಡುಗನ ಪರಿಚಯವಾಗಿತ್ತು. ಅವನೂ ದನದ ಡಾಕ್ಟರೇ. "ನಮ್ಮ ಎಚ್ಚೆಫ್ ಸೀಮಿ ಆಕಳ ತವರಿನ ಹುಡುಗ ಬಿಡ್ರಿ" ಎಂದು ಅಪ್ಪ ಬಸಲಿಂಗಪ್ಪ ನಕ್ಕು ಒಪ್ಪಿಕೊಂಡಿದ್ದ. ಮದುವೆ ಹುಡುಗನ ಊರಲ್ಲೇ ಆಯಿತು. ಇಲ್ಲಿಯವರು ಫೋನಿನಲ್ಲಿ ನೋಡುತ್ತಲೇ ಅಕ್ಕಿಕಾಳು ಹಾಕಿದರು. ಹದಿನೈದು ದಿನಕ್ಕೆ ಹುಡುಗಿ ಒಬ್ಬಳೇ ತಿರುಗಿ ಬಂದವಳು, ಮರುದಿನವೇ ಕಾಲುಬಾಯಿ ಬೇನೆಯ ಲಸಿಕೆ ಪೆಟ್ಟಿಗೆ ಹಿಡಿದು ಓಣಿ ಓಣಿ ತಿರುಗತೊಡಗಿದಳು.

"ಎರಡು ವರ್ಷ ಇಲ್ಲೇ ನೌಕರಿ ಮಾಡತೇನಿ ಅವ್ವಾ. ಆಮ್ಯಾಲ ಹೋಗೂದು. ನಾವಿಬ್ಬರೂ ಕುಂತು ಮಾತಾಡೇವಿ" ಎಂದಿದ್ದಳು. ತಾಯಿಗೆ ಅರ್ಥವಾಗಿತ್ತು. ಆದರೆ ನಳದ ಕಟ್ಟೆಗೆ ಅರ್ಥವಾಗಬೇಕಲ್ಲ!

"ಯಕ್ಕಾ, ಅಳಿಯ ಬರಲೇ ಇಲ್ಲಲ್ಲ? ಬಿಟ್ಟಗಿಟ್ಟಾನೇನು, ಕೇಳಿ ನೋಡ" ಎಂದು ನೆರೆಮನೆಯ ಯಲ್ಲವ್ವ ಕೊಡ ತುಂಬುತ್ತ ತುಂಬುತ್ತ ಅಂದುಬಿಟ್ಟಳು. ಸಿದ್ದಲಿಂಗವ್ವ ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ನಡೆದಳು. ಉಡಿ ತುಂಬಿ ಕಳಿಸಿದ ಮಗಳು ಗಂಡನ ಮನೆಯಲ್ಲಿರಬೇಕು ಎಂಬುದೊಂದೇ ಅವಳಿಗೆ ಗೊತ್ತಿದ್ದ ಲೆಕ್ಕ. ಯಾರಿಗೂ ಹೇಳದೆ ಒಬ್ಬ ವೀಸಾ ಏಜೆಂಟನಿಗೆ ಫೋನು ಹಚ್ಚಿದಳು.

"ಅದೇನ್ ದೊಡ್ಡದಲ್ರೀ ಅವ್ವಾರ" ಎಂದ ಅವನು. "ಪ್ರವಾಸಿ ವೀಸಾ ಮಾಡಸೂನು. ಅರ್ಜಿಯೊಳಗ ಲಗ್ನ ಆಗಿಲ್ಲ ಅಂತ ಬರದ್ರ ಲಗೂನ ಸಿಗತೈತಿ. ಒಮ್ಮೆ ಹೋದ್ಲಂದ್ರ ಅಲ್ಲೇ ಉಳೀತಾಳ. ಪಾಸ್‌ಪೋರ್ಟ್ ತಗದಿಡ್ರಿ, ರವಿವಾರ ಬರತೇನಿ."

ರವಿವಾರ ಮಗಳು ಲಸಿಕೆಗೆ ಹೊರಟಿದ್ದೇ ತಡ, ಸಿದ್ದಲಿಂಗವ್ವ ಟ್ರಂಕು ತೆರೆದು ಪಾಸ್‌ಪೋರ್ಟ್ ತೆಗೆದು ಒಂದು ಕುಪ್ಪಸದ ಖಣದಲ್ಲಿ ಸುತ್ತಿಟ್ಟುಕೊಂಡಳು. ಪಡಸಾಲೆಯಲ್ಲಿ ಬಸಲಿಂಗಪ್ಪ ಇನ್ನೊಂದು ಪರಾಕ್ರಮಕ್ಕೆ ಕೂತಿದ್ದ. ಮಗಳನ್ನು ಕೊಟ್ಟ ಮೇಲೆ ಅವಳ ಹೆಸರನ್ನು ರೇಷನ್ ಕಾರ್ಡಿನಿಂದ, ಓಟಿನ ಯಾದಿಯಿಂದ ತೆಗೆಸುವುದು ಅವನ ಮನೆತನದ ರೂಢಿ. ಅರ್ಜಿ ತಂದಿದ್ದ, ತುಂಬಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ವರದಾ ಬಂದಳು. ಹಿಂದಿನ ಓಣಿಯ ಭಾಗೀರಥಿಬಾಯಿಯ ಮಗಳು, ಬೈಲಹೊಂಗಲ ಕೋರ್ಟಿನಲ್ಲಿ ವಕೀಲೆ, ಐಶ್ವರ್ಯಾಳ ಗೆಳತಿ.

"ಛಲೋ ಹೊತ್ತಿಗೆ ಬಂದ್ರಿ ವಕೀಲಬಾಯಾರ, ಇದೊಂದು ತುಂಬಿ ಕೊಡ್ರಿ" ಎಂದ ಬಸಲಿಂಗಪ್ಪ.

ವರದಾ ಓದಿ ನಕ್ಕಳು. "ಕಾಕಾ, ಐಶೂ ಎಲ್ಲಿರತಾಳ?"

"ಇಲ್ಲೇ."

"ನೌಕರಿ?"

"ಅದೂ ಇಲ್ಲೇ."

"ಹಂಗಿದ್ರ ಓಟೂ ಇಲ್ಲೇ. ಪರದೇಶದವನ್ನ ಲಗ್ನ ಆದ್ರ ನಮ್ಮ ಪೌರತ್ವ ಹೋಗೂದಿಲ್ರೀ. ಆಕಿ ತಾನಾಗಿ ಆ ದೇಶದ ಪೌರತ್ವ ತಗೊಂಡ್ರ ಆ ಮಾತು ಬ್ಯಾರೆ. ಮನಿಯೊಳಗ ಉಣ್ಣಲಿಕ್ಕೆ ಹತ್ತಿದ ಮಗಳ ಹೆಸರು ಹೊಡದು ಹಾಕೂ ಗಡಿಬಿಡಿ ಯಾಕ?"

ಬಸಲಿಂಗಪ್ಪ ಅರ್ಜಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡ. ಸಿದ್ದಲಿಂಗವ್ವ ಮಾತ್ರ ಜಗ್ಗಲಿಲ್ಲ. "ಕಾಗದದ ಮಾತು ಇರಲಿ ಬಿಡ್ರಿ ಬಾಯಾರ. ಗಂಡ ಅಲ್ಲಿ, ಹೆಂಡತಿ ಇಲ್ಲಿ. ಇಂಥಾ ಲಗ್ನ ನಿಂತೀತೇನು?"

"ಮಾವಶಿ, ಆ ಊರ ಕಚೇರಿಯವರು ಲಗ್ನದ ಪತ್ರ ಕೊಟ್ಟಾರ. ಅದರ ಮ್ಯಾಲ ಐಶೂ ಅಪೊಸ್ಟೀಲ್ ಅಂತ ಆ ದೇಶದ ಸರಕಾರಿ ಶಿಕ್ಕಾ ಹಾಕಿಸ್ಯಾಳ. ಅದಿದ್ರ ಇಲ್ಲಿನೂ ಆ ಪತ್ರಕ್ಕ ಬೆಲಿ ಅದ. ಲಗ್ನ ಆದ ಕೂಡಲೇ ಊರು ಬಿಡಬೇಕು ಅಂತ ಯಾವ ಕಾಯ್ದೆನೂ ಇಲ್ಲ."

"ಹಂಗಾದ್ರ ಈಗ ಕಳಿಸಿದ್ರ ಏನ್ ತಪ್ಪು?" ಎಂದು ಸಿದ್ದಲಿಂಗವ್ವ ಖಣದ ಗಂಟು ಬಿಚ್ಚಿ ಪಾಸ್‌ಪೋರ್ಟ್ ತೋರಿಸಿ, ಏಜೆಂಟ ಹೇಳಿದ್ದನ್ನೆಲ್ಲ ಹೇಳಿದಳು. ವರದಾಳ ನಗು ನಿಂತುಹೋಯಿತು.

"ಅಯ್ಯ ಮಾವಶಿ! ಲಗ್ನ ಆಗಿಲ್ಲ ಅಂತ ಸುಳ್ಳು ಬರದ್ರ ವೀಸಾ ಕೊಡೂದಿಲ್ಲ, ಮುಂದ ವರ್ಷಗಟ್ಟಲೆ ಆ ದೇಶಕ್ಕ ಕಾಲಿಡಲಿಕ್ಕೆ ಬಿಡಲಿಕ್ಕಿಲ್ಲ. ತಿರಗಾಡಲಿಕ್ಕೆ ಅಂತ ಹೋಗಿ ಮುದತ್ತು ಮೀರಿ ಕೂತ್ರ ಹಿಡದು ತಿರುಗಿ ಕಳಸತಾರ. ನಾಳೆ ಹೆಂಡತಿ ಅಂತ ಅರ್ಜಿ ಹಾಕಿದಾಗ ಇದ ಅಡ್ಡ ಬರತದ. ಗಂಡನ ಮನಿ ಸೇರಸಲಿಕ್ಕೆ ಹೋಗಿ ನೀವೇ ಗಂಡನ್ನ ದೂರ ಮಾಡತಿದ್ರಿ."

ಸಿದ್ದಲಿಂಗವ್ವ ಪಾಸ್‌ಪೋರ್ಟನ್ನು ಲಗುಬಗೆಯಿಂದ ಮತ್ತೆ ಖಣದಲ್ಲಿ ಸುತ್ತಿದಳು. "ಶಿವನ! ಮತ್ತೇನ್ ಮಾಡಬೇಕವಾ?"

"ರಜಾ ಸಿಕ್ಕಾಗ 'ಗಂಡನ್ನ ನೋಡಲಿಕ್ಕೆ ಹೊಂಟೇನಿ' ಅಂತ ಖರೇ ಬರದು ಹೋಗಲಿ, ಹೇಳಿದ ದಿನಕ್ಕ ತಿರುಗಿ ಬರಲಿ. ಅವನೂ ಬರಲಿ. ಹೋಗಿ ಬಂದ ಟಿಕೀಟು, ಫೋಟೋ ಜ್ವಾಕಿ ಇಡಲಿ. ಲಗ್ನ ಖರೇ ಅನ್ನಲಿಕ್ಕೆ ಅವೇ ಸಾಕ್ಷಿ. ಅಲ್ಲೇ ನೆಲಸೂ ಹೊತ್ತು ಬಂದಾಗ ಹೆಂಡತಿ ಅಂತ ಅರ್ಜಿ ಹಾಕೂದು. ಅದಕ್ಕ ಆ ದೇಶದ ಭಾಷಾದ ಪರೀಕ್ಷಾನೂ ಅದ, ಐಶೂ ಈಗೇ ಓದಲಿಕ್ಕೆ ಹತ್ಯಾಳ."

"ಅದಕ್ಕನ ಏನು, ಮುಂಜಾನೆದ್ದು ಗಂಟಲದಾಗ ಖರ್ ಖರ್ ಅಂತಿರತಾಳ! ನೆಗಡಿ ಆಗೇತಿ ಅಂತ ನಾ ಕಷಾಯ ಕಾಸಿ ಕೊಟ್ಟೇನಲ್ರೀ" ಎಂದ ಬಸಲಿಂಗಪ್ಪ.

ಹೊರಗೆ ಮೋಟಾರ್ ಸೈಕಲ್ ನಿಂತಿತು. ಏಜೆಂಟ ಬಂದಿದ್ದ. ಸದ್ದು ಕೇಳಿ ಯಲ್ಲವ್ವನೂ ತನ್ನ ಮನೆಯ ಕಟ್ಟೆಗೆ ಬಂದಳು. ಸಿದ್ದಲಿಂಗವ್ವ ಪಾಸ್‌ಪೋರ್ಟನ್ನು ವರದಾಳ ಕೈಗಿಟ್ಟು, ಸೆರಗು ಸಿಗಿಸಿ ಬಾಗಿಲಿಗೆ ನಡೆದಳು.

"ನೀ ಹೋಗಿ ಬಾ ತಮ್ಮಾ. ನನ್ನ ಮಗಳು ಸುಳ್ಳು ಬರದು ಎಲ್ಲಿಗೂ ಹೋಗೂದಿಲ್ಲ."

"ವಿಚಾರ ಮಾಡ್ರಿ ಅವ್ವಾರ. ನಾಕ ಮಂದಿ ಏನಂದಾರು?"

"ಆ ನಾಕ ಮಂದೀ ಎಮ್ಮಿ ಈಯೂ ಹೊತ್ತಿಗೆ ನನ್ನ ಮಗಳನ ಬೇಕು!" ಸಿದ್ದಲಿಂಗವ್ವನ ದನಿ ಓಣಿಯ ಆ ತುದಿಗೆ ಮುಟ್ಟಿತು. "ಹೋಗೂ ದಿವಸ ತಲಬಾಗಲದಿಂದ ಹೋಗತಾಳ. ಯಾನ್‌ನ ಹೆಂಡತಿ ಅಂತ ಹೇಳಿ ಹೋಗತಾಳ. ಅಲ್ಲೀತನಾ ಆಕಿ ಈ ಊರ ಡಾಕ್ಟರು!"

ಯಲ್ಲವ್ವ ಕಟ್ಟೆಯ ಮೇಲೆ ಇಲ್ಲದ ಕಸ ಗುಡಿಸತೊಡಗಿದಳು.

ಮಧ್ಯಾಹ್ನ ಐಶ್ವರ್ಯಾ ಬಂದಾಗ ತಾಯಿ ಏನನ್ನೂ ಮುಚ್ಚಿಡಲಿಲ್ಲ. ಮಗಳು ಪಾಸ್‌ಪೋರ್ಟನ್ನು ಎದೆಗವಚಿಕೊಂಡು, "ನನ್ನ ಒಂದು ಮಾತು ಕೇಳಬಾರದಿತ್ತೇನವಾ?" ಎಂದಳು. "ನಿನ್ನ ಕೇಳೂದು ಬಿಟ್ಟು ಊರ ಮಾತು ಕೇಳಿದ್ನೆವಾ, ತಪ್ಪಾತು" ಎಂದು ತಾಯಿ ಮಗಳ ಕೈ ಹಿಡಿದಳು. ಸಂಜೆ ಯಾನ್ ಫೋನು ಮಾಡಿದಾಗ ಸಿದ್ದಲಿಂಗವ್ವ ಫೋನನ್ನು ನಳದ ಕಟ್ಟೆಗೇ ಒಯ್ದು, "ನೋಡ್ರಿ, ನನ್ನ ಅಳಿಯ!" ಎಂದು ಒಬ್ಬೊಬ್ಬರಿಗೂ ತೋರಿಸಿದಳು. ಅವನು ಕೈ ಮುಗಿದು "ನಮಸ್ಕಾರ್ರೀ" ಎಂದದ್ದಕ್ಕೆ ಕಟ್ಟೆಯೆಲ್ಲ ನಕ್ಕಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗಳೋ ಮಗನೋ ಪರದೇಶದವರನ್ನು ಅಲ್ಲೇ ಮದುವೆಯಾಗಿ ಇಲ್ಲೇ ಕೆಲಸ ಮಾಡುತ್ತಿದ್ದರೆ ಗಾಬರಿ ಬೇಡ. ಮದುವೆಯ ಪತ್ರವನ್ನು ಆ ದೇಶದ ಕಾನೂನಿನಂತೆ ಪಡೆದು ಜೋಪಾನವಾಗಿಡಿ. ಯಾವ ಅರ್ಜಿಯಲ್ಲೂ ಮದುವೆಯನ್ನು ಮುಚ್ಚಿಡಬೇಡಿ. ಪಾಸ್‌ಪೋರ್ಟನ್ನು ಕಂಡವರ ಕೈಗೆ ಕೊಡಬೇಡಿ. ಒಂದೊಂದು ದೇಶಕ್ಕೆ ಒಂದೊಂದು ನಿಯಮ. ಆ ದೇಶದ ರಾಯಭಾರ ಕಚೇರಿಯನ್ನು, ತಿಳಿದ ವಕೀಲರನ್ನು ಕೇಳಿ. ಯಾವಾಗ ಹೋಗಬೇಕೆಂಬುದನ್ನು ಮಾತ್ರ ಮದುವೆಯಾದ ಆ ಇಬ್ಬರಿಗೇ ಬಿಡಿ. ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ. ಮಗಳ ಮದುವೆಯೂ ಖರೆ, ಅವಳ ದುಡಿಮೆಯೂ ಖರೆ ಎಂದು ಗಟ್ಟಿಯಾಗಿ ಹೇಳಿ.