ಹಿಂದಕ್ಕೆ ಹೋಗುವ ಗೇರ್

ಕೊಳವೆಬಾವಿಯಿಂದ ಮೋಟಾರು ಎತ್ತುವ ಕೆಲಸಕ್ಕೆ ನಾವಿಬ್ಬರೇ ಹೋಗುತ್ತೇವೆ. ಪಿಕಪ್ ಓಡಿಸುವವನು ನಾನು. ಬಾವಿಯ ಬಾಯಿಯ ಹತ್ತಿರ ನಿಲ್ಲುವವರು ನನ್ನ ಅಕ್ಕ ರೂಪಶ್ರೀಯ ಗಂಡ ಕರಿಬಸವರಾಜ ಭಾವ. ಈ ಕೆಲಸದ ಉಳಿದವರೆಲ್ಲ ಈಗ ಹಗ್ಗ ಸುತ್ತಿ ಎಳೆಯುವ ವಿಂಚ್ ಕಟ್ಟಿಸಿಕೊಂಡಿದ್ದಾರೆ. ನಮ್ಮದು ಹಳೆಯ ಪದ್ಧತಿ. ಮೂರು ಕಾಲಿನ ಕಬ್ಬಿಣದ ಕಂಬದ ತುದಿಯಲ್ಲಿ ರಾಟೆ, ಅದರ ಮೇಲೆ ಉಕ್ಕಿನ ಹಗ್ಗ. ಹಗ್ಗದ ಒಂದು ತುದಿ ಪೈಪಿಗೆ, ಇನ್ನೊಂದು ಪಿಕಪ್ಪಿನ ಹಿಂಬದಿಗೆ. ನಾನು ಮುಂದೆ ಹೋದಂತೆ ಪೈಪು ಮೇಲೆ ಬರುತ್ತದೆ. ಒಂದು ಪೈಪಿನ ಉದ್ದ, ಇಪ್ಪತ್ತಡಿ, ಬಂದಾಗ ಭಾವ ಕೈ ಎತ್ತುತ್ತಾರೆ, ನಾನು ನಿಲ್ಲಿಸುತ್ತೇನೆ. ಅವರು ಬಾವಿಯ ಬಾಯಿಗೆ ಅಡ್ಡಲಾಗಿ, ಪೈಪನ್ನು ತಡೆದು ನಿಲ್ಲಿಸುವ ಕಬ್ಬಿಣದ ಕ್ಲಾಂಪ್ ಹಿಡಿದು ತಲೆಯಾಡಿಸುತ್ತಾರೆ. ಮೇಲಿನ ಪೈಪು ಬಿಚ್ಚಲೆಂದು ನಾನು ಒಂದು ಮೊಳ ಹಿಂದೆ ಬಂದರೆ, ಉಳಿದದ್ದು ಇಳಿದು ಕ್ಲಾಂಪಿನ ಮೇಲೆ ಕೂರುತ್ತದೆ. ಅದು ಕೂರುವ ಕ್ಷಣದವರೆಗೂ ಭಾವನ ಹತ್ತು ಬೆರಳು ಆ ಕ್ಲಾಂಪಿನ ಮೇಲಿರುತ್ತವೆ.

ಆರು ವರ್ಷದಿಂದ ಹೀಗೆ. ಕೆಲಸ ಶುರುವಾದರೆ ನಮ್ಮ ನಡುವೆ ಮಾತಿಲ್ಲ. ಅವರು ನನ್ನ ಎಂಜಿನ್ನಿನ ಸದ್ದು ಕೇಳುತ್ತಾರೆ, ನಾನು ಕನ್ನಡಿಯಲ್ಲಿ ಅವರನ್ನು ನೋಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಗೇರ್ ಬಾಕ್ಸ್ ಗೊರಗುಟ್ಟತೊಡಗಿತು. ಎರಡನೇ ಗೇರ್ ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ನಾಲ್ಕು ಗೇರಿನ ಆ ಬಾಕ್ಸಿಗೆ ಗಾಡಿಯಷ್ಟೇ ವಯಸ್ಸು, ಮೂವತ್ತು ವರ್ಷ. ರಿಪೇರಿ ಮಾಡಿಸಬಹುದಿತ್ತು. ಆದರೆ ನನ್ನ ಆಸೆ ಬೇರೆ ಇತ್ತು. ಹರಿಹರದ ಕಡೆಯ ಗದ್ದೆಗಳಿಗೆ ದಿನವೂ ಹೋಗಿಬರಬೇಕು. ಐವತ್ತು ದಾಟಿದರೆ ಎಂಜಿನ್ ಅರಚುತ್ತದೆ. ಪಕ್ಕದವರ ಮಾತು ಕೇಳದಿದ್ದರೆ ನನಗೆ ಕಷ್ಟವಿಲ್ಲ, ನನ್ನದೇ ಯೋಚನೆ ಕೇಳದಿದ್ದರೆ ಸಂಜೆಯ ಹೊತ್ತಿಗೆ ಯಾರ ಮುಖ ನೋಡುವುದೂ ಬೇಡವೆನ್ನಿಸುತ್ತದೆ. ಐದು ಗೇರಿನ ಬಾಕ್ಸ್ ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಮೆಲ್ಲಗೆ ತಿರುಗುತ್ತದೆ.

ಬಿ.ಎಸ್ಸಿ.ಯಲ್ಲಿ ಓದಿದ್ದನ್ನು ನೆನಪಿಸಿಕೊಂಡು ಒಂದು ಪುಟ ಲೆಕ್ಕ ಹಾಕಿದೆ. ಐದನೇ ಗೇರಿನಲ್ಲಿ ಎಂಜಿನ್ನಿಗೆ ಐದರಲ್ಲಿ ಒಂದು ಪಾಲು ಆಯಾಸ ಕಡಿಮೆ. ಮೊದಲನೇ ಗೇರ್ ತುಸು ಚುರುಕು: ಇಪ್ಪತ್ತಡಿ ಪೈಪು ಹದಿನೆಂಟು ಸೆಕೆಂಡಿನ ಬದಲು ಹನ್ನೊಂದಕ್ಕೆ ಮೇಲೆ ಬರುತ್ತದೆ. ಅದೂ ಲಾಭವೇ ಅಂದುಕೊಂಡೆ. ಹರಿಹರದ ಗುಜರಿಯಲ್ಲಿ ಜಮಾಲುದ್ದೀನ್ ಐದು ಗೇರಿನದೊಂದನ್ನು ತೋರಿಸಿ, "ಕೂಡ್ಲಿಲ್ಲ ಅಂದ್ರ ವಾರದಾಗ ವಾಪಸ್ ತರ್ರಿ, ಮುಖ ಕೆಡಿಸ್ಕಳಂಗಿಲ್ಲ" ಅಂದ. ಕೊಳ್ಳುವ ಮುಂಚೆ ಭಾವನಿಗೆ ನನ್ನ ಪುಟ ಕೊಟ್ಟೆ. ಅವರು ಕೊನೆಯವರೆಗೂ ಓದಿದರು. ಮಡಚಿ ವಾಪಸು ಕೊಟ್ಟರು.

"ನೀ ನೋಡಿಯಲ್ಲ" ಅಂದರು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ನಿಟ್ಟುವಳ್ಳಿಯಲ್ಲಿ ಖಾಜಾ ಹುಸೇನ್ ಸಾಹೇಬರ ಶೆಡ್ಡಿಗೆ ಬೋರ್ಡಿಲ್ಲ. ನಲವತ್ತು ವರ್ಷದಿಂದ ಅವರು ಗೇರ್ ಬಾಕ್ಸ್ ಬಿಟ್ಟು ಬೇರೇನೂ ಮುಟ್ಟಿಲ್ಲ. ಬ್ರೇಕ್ ಕೆಟ್ಟಿದೆ ಎಂದು ಯಾರಾದರೂ ಬಂದರೆ, ಪಕ್ಕದ ಶೆಡ್ಡಿನ ಕಡೆ ಗದ್ದ ತೋರಿಸುತ್ತಾರೆ. ನಾನು ತಂದ ಬಾಕ್ಸನ್ನು ಬೆಂಚಿನ ಮೇಲೆ ಮಲಗಿಸಿ, ಎಂಜಿನ್ ಕಡೆಯ ಶಾಫ್ಟಿಗೂ ಚಕ್ರದ ಕಡೆಯ ಶಾಫ್ಟಿಗೂ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದರು. ಮೊದಲನೇ ಗೇರ್ ಹಾಕಿ ಮುಂದಿನ ಶಾಫ್ಟನ್ನು ಕೈಯಿಂದ ತಿರುಗಿಸಿದರು. ನಾಲ್ಕು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುವಷ್ಟರಲ್ಲಿ ಹಿಂದಿನ ಗೆರೆ ಒಂದು ಸುತ್ತು ಮುಗಿಸಿ ಮೇಲೆ ಬಂತು. ನನ್ನ ಕಾಗದದಲ್ಲೂ ಅಷ್ಟೇ ಇತ್ತು. ಐದನೆಯದೂ ಸರಿಹೊಂದಿತು.

"ಪ್ರೊಫೆಸರ್ರ, ಲೆಕ್ಕ ಪಕ್ಕಾ ಐತೆ ನಿಮ್ದು" ಅಂದರು. ಆಮೇಲೆ ರಿವರ್ಸ್ ಹಾಕಿದರು. ತಿರುಗಿಸಿದರು. ಮತ್ತೊಮ್ಮೆ ತಿರುಗಿಸಿದರು. "ಇದು ಎಷ್ಟು ಬರ್ದೀರಿ?"

ನಾನು ಬರೆದಿರಲಿಲ್ಲ. ಗಾಡಿ ಹಿಂದೆ ಬರುವುದನ್ನು ಯಾರು ಲೆಕ್ಕ ಹಾಕುತ್ತಾರೆ?

"ಮೂರೂವರೆ ಸುತ್ತು" ಅಂದರು. "ನಿಮ್ಮ ಹಳೇದ್ರದ್ದು ಏಳರ ಮ್ಯಾಲೆ. ಇದು ಹಿಂದಕ್ಕೆ ಎರಡು ಪಟ್ಟು ಜೋರು. ನಾಳೆ ಎಲ್ಲಿ ಕೆಲ್ಸ?"

"ಬಾತಿಯಲ್ಲಿ."

"ನಾನೂ ಬರ್ತೀನಿ. ಅಲ್ಲಿ ತನಕ ಇದನ್ನ ಗಾಡಿಗೆ ಕೂಡ್ಸಂಗಿಲ್ಲ."

ಮರುದಿನ ಬೆಳಿಗ್ಗೆ ಅವರು ಗೊರಗುಟ್ಟುವ ಹಳೆಯ ಬಾಕ್ಸಿನ ಗಾಡಿಯಲ್ಲೇ ನಮ್ಮ ಜೊತೆ ಬಾತಿಗೆ ಬಂದರು. ದಾರಿಯುದ್ದಕ್ಕೂ ಗೇರ್ ಕಡ್ಡಿಯ ಮೇಲೆ ಎರಡು ಬೆರಳು ಇಟ್ಟುಕೊಂಡಿದ್ದರು. ಹೊಲದಲ್ಲಿ ಎರಡು ಪೈಪು ಎತ್ತುವವರೆಗೂ ಭಾವನ ಪಕ್ಕ ಸುಮ್ಮನೆ ಕೂತರು. ಮೂರನೆಯದಕ್ಕೆ ನನ್ನನ್ನು ಕೆಳಗಿಳಿಸಿದರು.

"ಗಾಡಿ ನಾ ಹಿಡಿತೀನಿ. ನೀವು ಬಾವಿ ಹತ್ರ ಕೂಡ್ರಿ. ಕೈ ಬ್ಯಾಡ, ಕ್ಲಾಂಪಿನ ಮ್ಯಾಲೆ ಒಂದು ಮೆಕ್ಕೆಜೋಳದ ತೆನೆ ಇಡ್ರಿ. ಅದಕ್ಕೊಂದು ಕಡ್ಡಿ ಕಟ್ರಿ, ಪೈಪು ಇಳಿಯಾಕ ಶುರು ಆದಮ್ಯಾಲೆ ಎಳಕಳ್ರಿ. ಅದಕ್ಕೂ ಮುಂಚೆ ಎಳದ್ರ ಮೋಸ."

ತೆನೆಗೆ ಉದ್ದನೆಯ ಕಡ್ಡಿ ಕಟ್ಟಿ ಕೂತೆ. ಅವರು ರಿವರ್ಸ್ ಹಾಕಿದರು. ಪೈಪಿಗೆ ಪೈಪು ಸೇರುವ ದಪ್ಪ ಕಪ್ಲಿಂಗ್ ನಿಧಾನವಾಗಿ ಇಳಿಯಿತು. ನಾನು ನೋಡಿದೆ, ಯೋಚಿಸಿದೆ, ಎಳೆದುಕೊಂಡೆ. ತೆನೆಗೆ ಏನೂ ಆಗಲಿಲ್ಲ.

"ಈಗ ಹೊಸಾ ಬಾಕ್ಸ್ ತೋರಿಸ್ತೀನಿ" ಎಂದು ಕೂಗಿದರು. ನಮ್ಮದರಂಥ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಗಳಲ್ಲಿ ಗೇರ್ ಕಡ್ಡಿಯ ಪಕ್ಕ ಇನ್ನೊಂದು ಗಿಡ್ಡ ಕಡ್ಡಿ ಇರುತ್ತದೆ. ಕೆಸರಿನಲ್ಲಿ ಎಲ್ಲ ಗೇರನ್ನೂ ಇನ್ನಷ್ಟು ನಿಧಾನ ಮಾಡುವುದು ಅದರ ಕೆಲಸ. ಪೈಪು ಎತ್ತುವಾಗ ನಾವು ಸದಾ ಅದನ್ನು ನಿಧಾನದಲ್ಲೇ ಇಡುತ್ತೇವೆ; ಅವರು ಅದನ್ನು ಮಾಮೂಲಿ ವೇಗಕ್ಕೆ ತಳ್ಳಿದರು. ಹಾಗೆ ಮಾಡಿದರೆ ನಮ್ಮ ಹಳೆಯ ರಿವರ್ಸ್ ಹೆಚ್ಚುಕಡಿಮೆ ಆ ಐದು ಗೇರಿನ ಬಾಕ್ಸಿನ ರಿವರ್ಸಿನಷ್ಟೇ ಓಡುತ್ತದೆ. ಒಂದು ರೂಪಾಯಿಯ ಸಾಮಾನು ಬಿಚ್ಚದೆ, ಇನ್ನೂ ಹಾಕಿರದ ಬಾಕ್ಸನ್ನು ಅವರು ನನಗೆ ಓಡಿಸಿ ತೋರಿಸಿದರು. ನನ್ನ ಒಂದು ಪುಟಕ್ಕೆ ಹೊಳೆಯದ ಉಪಾಯ ಅದು.

ಪೈಪು ಅಲುಗಿದ್ದು ಕಂಡಿತು. ಕಡ್ಡಿ ಎಳೆದೆ. ಕಡ್ಡಿ ಮಾತ್ರ ಬಂತು. ತೆನೆ ಕಪ್ಲಿಂಗಿನ ಕೆಳಗೆ ಹಿಟ್ಟಾಗಿತ್ತು, ಒಂದು ಕಾಳು ನನ್ನ ಕೆನ್ನೆಗೆ ಬಡಿಯಿತು.

"ನಾನು ಅರ್ಧ ಕ್ಲಚ್ ಹಿಡಿದು ನಿಧಾನ ಇಳಿಸ್ತೀನಿ" ಅಂದೆ. ಸೋತವನ ಮಾತು.

"ಹತ್ತು ಸಲ ಹಿಡಿತೀರಿ. ಹನ್ನೊಂದನೇ ಸಲ ಕಾಲು ಬೆವತಿರ್ತೈತೆ" ಅಂದರು ಇಳಿಯುತ್ತಾ. "ಮೇಲೆ ಬರೋವಾಗ ಪೈಪು ಕೈಯಿಂದ ದೂರ ಹೋಗ್ತೈತೆ, ಅಲ್ಲಿ ಎಷ್ಟು ಜಲ್ದಿ ಆದ್ರೂ ನಡಿತೈತೆ. ಕೈ ಮ್ಯಾಲೆ ಬರೋದು ಹಿಂದಿನ ಗೇರು. ನೀವು ಅದನ್ನೇ ಬಿಟ್ಟೀರಿ." ಆಮೇಲೆ ಭಾವನ ಕಡೆ ತಿರುಗಿದರು. "ಇವ್ರು ಓದಿದೋರು, ಗೊತ್ತಾಗ್ಲಿಲ್ಲ. ನಿಮ್ಮ ಕೈ ಅಲ್ರೀ ಇರೋದು ಅಲ್ಲಿ. ಕಾಗದ ಓದಿದ್ರಂತೆ, ಯಾಕ ಹೇಳ್ಲಿಲ್ಲ?"

ಭಾವ ಕ್ಲಾಂಪಿನಿಂದ ತೆನೆಯ ಚೂರು ಕೆರೆದು ತೆಗೆಯುತ್ತಿದ್ದರು.

"ಈ ನಮ್ಮ ಮಹೇಂದ್ರಗೆ ಎಂಜಿನ್ ಸದ್ದು ಆಗಂಗಿಲ್ಲ ರೀ" ಅಂದರು. "ಮನಿಗೆ ಬಂದು ತಲಿ ಹಿಡ್ಕಂಡು ಕೂಡ್ತಾನೆ. ಹಿಂದಿನ ಗೇರ್ ಜೋರಾಗ್ತೈತೆ ಅಂತ ನನಗ ಅನ್ಸಿತ್ತು. ನಾ ಸ್ವಲ್ಪ ಜಲ್ದಿ ಕೈ ತಗದ್ರಾತು ಅಂದ್ಕಂಡಿದ್ದೆ."

ಖಾಜಾ ಸಾಹೇಬರು ನನ್ನನ್ನು ನೋಡಲಿಲ್ಲ. ನೋಡದಿದ್ದುದಕ್ಕೆ ಇವತ್ತಿಗೂ ನಾನು ಅವರಿಗೆ ಋಣಿ.

ಐದು ಗೇರಿನ ಬಾಕ್ಸ್ ವಾರದೊಳಗೆ ಹರಿಹರಕ್ಕೆ ವಾಪಸು ಹೋಯಿತು. ಹಳೆಯದನ್ನು ಬಿಚ್ಚಿದ ದಿನ ನಾನು ಪೂರ್ತಿ ಶೆಡ್ಡಿನಲ್ಲೇ ಇದ್ದೆ. ಸಾಹೇಬರು ಒಂದೊಂದು ಹಲ್ಲುಗಾಲಿಯನ್ನೂ ಡೀಸೆಲ್ಲಿನಲ್ಲಿ ತೊಳೆದು, ಕಣ್ಣು ಮುಚ್ಚಿ ಹಲ್ಲಿನ ಅಂಚಿನ ಮೇಲೆ ಉಗುರು ಎಳೆಯುತ್ತಿದ್ದರು. ಸವೆದದ್ದು ಎರಡೇ, ಎರಡನೇ ಗೇರು ಮತ್ತು ಒಂದು ಬೇರಿಂಗು. ರಿವರ್ಸಿನ ಗಾಲಿ ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ನನ್ನ ಅಂಗೈಯಲ್ಲಿಟ್ಟರು. ಇಷ್ಟು ತೂಕವಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಬಾಕ್ಸ್ ಕೂಡಿಸಿದ ಮೇಲೆ ಮೊದಲ ಕೆಲಸ ಹರಿಹರದಾಚೆ ನದಿಯ ಕಡೆಯ ಗದ್ದೆಯಲ್ಲಿ. ಹದಿನಾಲ್ಕು ಪೈಪು ಇದ್ದವು. ಮೊದಲನೆಯದು ಮೇಲೆ ಬಂತು, ಭಾವ ಕೈ ಎತ್ತಿದರು, ಕ್ಲಾಂಪ್ ಹಿಡಿದು ತಲೆಯಾಡಿಸಿದರು. ನಾನು ರಿವರ್ಸ್ ಹಾಕಿದೆ, ಆದರೆ ಕ್ಲಚ್ ಬಿಡಲಿಲ್ಲ. ಬಾಗಿಲು ತೆರೆದು ಅರ್ಧ ಮೈ ಹೊರಗೆ ಹಾಕಿ ಹಿಂದೆ ತಿರುಗಿದೆ.

"ಭಾವ, ಇಳಿಸ್ಲಾ?"

ಅವರು ತಲೆಯೆತ್ತಿ ನೋಡಿದರು.

"ಇಳಸು" ಅಂದರು.

ಪೈಪು ನಿಧಾನವಾಗಿ ಬಂದು ಕೂತಿತು. ಎರಡನೆಯದಕ್ಕೂ ಕೇಳಿದೆ. ಏಳನೆಯದಕ್ಕೆ ಗದ್ದೆಯ ಒಡೆಯ ಕುಬೇರಪ್ಪ ಬದುವಿನ ಮೇಲಿಂದ, "ಏನ್ರೀ, ಪ್ರತೀ ಪೈಪಿಗೂ ಪರ್ಮಿಶನ್ನಾ?" ಎಂದು ನಕ್ಕ.

"ಹೂಂ, ಇನ್ ಮ್ಯಾಲೆ ಹಂಗೇ" ಅಂದರು ಭಾವ. ಎಂಟನೆಯದಕ್ಕೆ, ನಾನು ಕೇಳುವ ಮುಂಚೆಯೇ, ಕ್ಲಾಂಪಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ ಕಾಯುತ್ತಿದ್ದರು.