ಶ್ರಾವಣ ಸೋಮವಾರದ ನೌಕರಿ

ಶಹಾಪುರದ ಆ ವಠಾರದಲ್ಲಿ ನಲ್ಲಿಗೆ ನೀರು ಬಂದರೆ ಮೊದಲು ಮನೆಯೊಡತಿ ಶಾಂತಾದೇವಿಯ ಹಂಡೆ ತುಂಬಬೇಕು, ಆಮೇಲೆ ಬಾಡಿಗೆಯವರ ಕೊಡ. ಗುರುದೇವಿ ಮದುವೆಯಾಗಿ ಬಂದಾಗಿನಿಂದ ಹಾಗೆ ಕಾದವಳು. ಅದಕ್ಕೇ ಗೋಗಿ ರಸ್ತೆಯ ಕಡೆ ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿದೆ ಎಂದು ನೋಡಲು ಹೋದಾಗ, ಅವಳು ಗೋಡೆ ನೋಡಲಿಲ್ಲ, ಮಾಳಿಗೆ ನೋಡಲಿಲ್ಲ. ಅಂಗಳದ ನಲ್ಲಿಯನ್ನು ತಿರುಗಿಸಿ ನೋಡಿದಳು. ಅತ್ತೆ ಚಂದಮ್ಮ ಆ ನಲ್ಲಿಗೆ ವಿಭೂತಿ ಹಚ್ಚಿ ಕೈ ಮುಗಿದಳು.

ಗುರುದೇವಿಯ ಗಂಡ ಮಹೇಶಕುಮಾರ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಆ ಪಗಾರ ನೋಡಿ ಬ್ಯಾಂಕು ಮನೆ ಸಾಲ ಮಂಜೂರು ಮಾಡಿತು. ಹಣ ಮಾತ್ರ ನೋಂದಣಿಯ ದಿನ ಕೊಡುವುದೆಂದಾಯಿತು. ಮನೆ ಮಾರುವವನಿಗೆ ಮುಂಗಡ ಕೊಟ್ಟು ಕರಾರು ಮಾಡಿಕೊಂಡರು. ಅಷ್ಟರಲ್ಲಿ ಯಾದಗಿರಿಯ ಖಾಸಗಿ ಆಸ್ಪತ್ರೆಯೊಂದರಿಂದ ಹೆಚ್ಚಿನ ಪಗಾರದ ನೌಕರಿ ಬಂತು. ಮಹೇಶ ಖುಷಿಯಲ್ಲಿ ಗಿರಣಿಗೆ ರಾಜೀನಾಮೆ ಕೊಟ್ಟ.

ಆಸ್ಪತ್ರೆಯವರು ನಾಳೆಯೇ ಬಾ ಎಂದರು. ಮಹೇಶನ ಅಪ್ಪ ಸೂಗಪ್ಪ ಒಪ್ಪಲಿಲ್ಲ.

"ಆಷಾಢದಾಗ ಯಾರರ ಹೊಸ ನೌಕರಿ ಹಿಡೀತಾರೇನು? ಶ್ರಾವಣ ಸೋಮವಾರ ಹೋಗು. ಅಲ್ಲಿತನ ಮನ್ಯಾಗ ಕುಂತು ಉಣ್ಣು."

ಎದುರುಮನೆಯ ಫರ್ಹೀನ್ ಈ ಮಾತು ಕೇಳಿಸಿಕೊಂಡಳು. ಅವಳೂ ಸಾಲ ಪಡೆದೇ ಮನೆ ಕೊಂಡವಳು.

"ಕಾಕಾ, ಬ್ಯಾಂಕಿಗಿ ಹೇಳೀರೇನ್ರಿ? ರೊಕ್ಕ ಕೊಡೂ ಮುಂಚೆ ಅವರು ಮತ್ತೊಮ್ಮಿ ಕೇಳ್ತಾರ್ರಿ, ನೌಕರಿ ಅದನೋ ಇಲ್ಲೋ ಅಂತ. ನಂಗೂ ಕೇಳಿದ್ರು."

"ಪಗಾರ ಹೆಚ್ಚಾಗ್ಯಾದ ತಂಗಿ, ಕಮ್ಮಿ ಆಗಿಲ್ಲ. ಅವರಿಗ್ಯಾಕ ಹೊಟ್ಟಿಬ್ಯಾನಿ?" ಎಂದು ಸೂಗಪ್ಪ ನಕ್ಕ.

ಗುರುದೇವಿಗೆ ಅಂಜಿಕೆಯಾಯಿತು. ಬ್ಯಾಂಕಿಗೆ ಹೋಗಿ ಬರೋಣ ಎಂದು ಗಂಡನಿಗೆ ಹೇಳಿದಳು. ಹೇಳಿದರೇ ಕೆಲಸ ಕೆಡುತ್ತದೆ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ ಅವನು. ಅವಳೂ ಸುಮ್ಮನಾದಳು.

ನೋಂದಣಿಗೆ ಮುಂಚೆ ಬ್ಯಾಂಕಿನವರು ಗಿರಣಿಗೆ ಫೋನು ಮಾಡಿದರು. ಅವನು ಬಿಟ್ಟು ಹೋಗಿದ್ದಾನೆ ಎಂದು ಅಲ್ಲಿಯವರು ಇದ್ದದ್ದನ್ನೇ ಹೇಳಿದರು. ಮಹೇಶ ಓಡಿಹೋಗಿ ಆಸ್ಪತ್ರೆಯ ನೇಮಕ ಪತ್ರ ತೋರಿಸಿದ. ಸೇರಿದ್ದೀರಾ ಎಂದು ಮ್ಯಾನೇಜರ್ ಕೇಳಿದರು. ಇಲ್ಲ, ಶ್ರಾವಣಕ್ಕೆ ಎಂದ. ಇವತ್ತಿಗೆ ನಿಮಗೆ ಪಗಾರವೇ ಇಲ್ಲವಲ್ಲ, ಯಾವುದರ ಮೇಲೆ ಸಾಲ ಕೊಡಲಿ, ಮೊದಲೇ ತಿಳಿಸಿದ್ದರೆ ಏನಾದರೂ ದಾರಿ ನೋಡಬಹುದಿತ್ತು ಎಂದರು. ಸಾಲ ನಿಂತಿತು.

ಮಾರುವವನು ಕರಾರಿನ ಗಡುವು ಮುಗಿಯುವ ತನಕ ಕಾದ. ಆಮೇಲೆ ಸುರಪುರದಿಂದ ಬಂದ ಬೇರೆಯವರಿಗೆ ಮನೆ ಬರೆದುಕೊಟ್ಟ. ಸಾಲ ಸಿಗದಿದ್ದರೆ ಮುಂಗಡ ವಾಪಸ್ ಎಂಬ ಮಾತು ಕರಾರಿನಲ್ಲಿ ಇರಲಿಲ್ಲ. ಅದೂ ಹೋಯಿತು.

ಶ್ರಾವಣ ಸೋಮವಾರ ಮಹೇಶ ಯಾದಗಿರಿ ಬಸ್ಸು ಹತ್ತಿದ. ಸೂಗಪ್ಪ ಅವನನ್ನು ಕಳಿಸಿ, ಚಂದಮ್ಮ ಗುರುದೇವಿಯರನ್ನು ಕರೆದುಕೊಂಡು ತಾನೇ ಫರ್ಹೀನಳ ಬಾಗಿಲಿಗೆ ಹೋದ. "ನೀ ಹೇಳ್ದಂಗೇ ಆಯ್ತು ತಂಗಿ. ಇನ್ನ ಹ್ಯಾಂಗ ಮಾಡಬೇಕು?"

ಅವಳು ಚುಚ್ಚಲಿಲ್ಲ. ನೌಕರಿ ಖಾಯಂ ಆಗಲಿ, ಕೆಲವು ತಿಂಗಳ ಪಗಾರ ಖಾತೆಗೆ ಬೀಳಲಿ, ಆಮೇಲೆ ಏನೂ ಮುಚ್ಚಿಡದೆ ಬ್ಯಾಂಕಿಗೆ ಅರ್ಜಿ ಕೊಡಿ ಎಂದಳು. ಸೂಗಪ್ಪ ತಲೆಯಾಡಿಸಿದ.

"ಆ ಮನಿ?" ಎಂದಳು ಚಂದಮ್ಮ.

"ಆ ಮನಿ ಹೋಯ್ತ್ರಿ ಅವ್ವಾ," ಎಂದಳು ಫರ್ಹೀನ್.

ಮರುದಿನ ನಲ್ಲಿಗೆ ನೀರು ಬಂತು. ಕೊಡ ಹಿಡಿದು ನಿಂತ ಗುರುದೇವಿಯನ್ನು ಶಾಂತಾದೇವಿ ಮೇಲಿಂದ ಕೆಳಗೆ ನೋಡಿದಳು. "ಸ್ವಂತ ಮನಿಗಿ ಹೋಗಾಕಿ ಇದ್ದೆಲ್ಲವಾ, ಇನ್ನಾ ಇಲ್ಲೇ ಅದಿ?" ಹಂಡೆ ತುಂಬಿ ಚೆಲ್ಲಿದ ಮೇಲೆ ಗುರುದೇವಿ ತನ್ನ ಕೊಡವನ್ನು ನಲ್ಲಿಯ ಕೆಳಗಿಟ್ಟಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಒಳ್ಳೆಯ ನೌಕರಿ ಸಿಕ್ಕರೆ ಬಿಡಬೇಡಿ. ಆದರೆ ಮನೆ ಸಾಲ ಇನ್ನೂ ನಡುದಾರಿಯಲ್ಲಿದ್ದರೆ, ರಾಜೀನಾಮೆ ಬರೆಯುವ ಮೊದಲು ಬ್ಯಾಂಕಿಗೆ ಹೋಗಿ ಹೇಳಿ, ಕೇಳಿ. ಒಂದೊಂದು ಬ್ಯಾಂಕಿನ ನಿಯಮ ಒಂದೊಂದು ಥರ. ಹಳೆಯದನ್ನು ಬಿಟ್ಟ ಮೇಲೆ ಹೊಸದಕ್ಕೆ ತಡಮಾಡಬೇಡಿ. ಸಾಲ ಸಿಗದಿದ್ದರೆ ಮುಂಗಡ ವಾಪಸ್ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ. ಆಷಾಢ ಮುಗಿದು ಶ್ರಾವಣ ಪ್ರತಿ ವರ್ಷ ಬರುತ್ತದೆ. ಕೈಬಿಟ್ಟ ಮನೆ ಬರುವುದಿಲ್ಲ.