ಕಾಣದ ಎಂಜಿನ್ನಿನ ಜಗಳ

"ಬಾಕ್ಸರ್ ಎಂಜಿನ್ನಲ್ಲಿ ಪ್ಲಗ್ ಬಿಚ್ಬೇಕಾದ್ರೆ ಕೈ ಎಲ್ಲಿ ತೂರುಸ್ತೀರಿ, ಯೋಳಿ ನೋಡಾನ," ಎಂದುಬಿಟ್ಟಳು ಅರ್ಪಿತ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಹೆಣ್ಣು ನೋಡಲು ನಿಡಘಟ್ಟಕ್ಕೆ ಬಂದಿದ್ದ ಶಶಿಧರ್, ಮದ್ದೂರಿನ ಕಾರ್ ಗ್ಯಾರೇಜಿನವನು, ಹಿತ್ತಿಲಲ್ಲಿ ಅವಳೆದುರಿಗೇ ನಿಂತಿದ್ದ. "ಒಸಿ ಮಾತಾಡ್ಕಳ್ಳಿ" ಎಂದು ಹಿರಿಯರೇ ಕಳಿಸಿದ್ದರು. ಮಂಡ್ಯದ ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಮಾಡುವ ಅರ್ಪಿತಳಿಗೆ ಅವ್ವ ಚಲುವಮ್ಮ ಬೆಳಗಿನಿಂದ ಹೇಳಿದ್ದು ಒಂದೇ: "ಎಂಜಿನ್ ಸುದ್ದಿ ಎತ್ತಬ್ಯಾಡ ಕಣವ್ವ." ಹಿಂದಿನ ಇಬ್ಬರು ಗಂಡುಗಳು ಆ ಸುದ್ದಿಗೇ ಹೆದರಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಹೋದವರು ಇವತ್ತಿಗೂ ತಿಳಿಸಿರಲಿಲ್ಲ.

ಈತ ಹೆದರಲಿಲ್ಲ. ಬಾಕ್ಸರ್ ಅವನ ಮೆಚ್ಚಿನದು, ರೋಟರಿ ಅವಳದು, ಎರಡೂ ವಿದೇಶಿ ಕಾರುಗಳ ಎಂಜಿನ್ನು. "ಎಂಜಿನ್ನೇ ಇಳುಸ್ತೀನಿ. ನಿಮ್ ರೋಟರಿ ಏನ್ ಕಮ್ಮಿನಾ? ಪೆಟ್ರೋಲೂ ಕುಡೀತದೆ, ಆಯಿಲೂ ಸುಡ್ತದೆ. ಸೀಲ್ ಸವುದ್ರೆ ಪೂರಾ ಬಿಚ್ಬೇಕು."

"ಸವೆಯೋಗಂಟ ಓಡೋ ಓಟ ನೋಡಿ. ಪಿಸ್ಟನ್ನೇ ಇಲ್ಲ, ಗಾಣದಂಗೆ ತಿರುಗ್ತದೆ."

"ಬಾಕ್ಸರ್ ತಗ್ಗಲ್ಲಿ ಮಲಗಿರ್ತದೆ ಕಣ್ರೀ. ತಿರುವ್ನಲ್ಲಿ ಕಾರು ನೆಲ ಕಚ್ಕಂಡು ಓಯ್ತದೆ."

ತಮಾಷೆಯೆಂದರೆ, ಇಬ್ಬರೂ ಆ ಎಂಜಿನ್ನುಗಳನ್ನು ಕಣ್ಣಾರೆ ಕಂಡವರಲ್ಲ, ಫೋನಿನಲ್ಲಿ ನೋಡಿದ್ದಷ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಇಲ್ಲದ ಕಾರಿನ ರಿಪೇರಿಗೆ ದನಿ ಏರಿಸಿದ್ದರು.

ಜಗಲಿಯಲ್ಲಿ ಹಿರಿಯರ ಮಾತು ನಿಂತಿತು. ಶಶಿಧರನ ತಾಯಿ ಪುಟ್ಟತಾಯಮ್ಮ ಹಿತ್ತಿಲ ಬಾಗಿಲಿಗೆ ಬಂದರು. ಹಿಂದೆ ಬಿಳಿಚಿಕೊಂಡ ಚಲುವಮ್ಮ.

"ಮದ್ವೆಗ್ ಮುಂಚೆನೇ ಇಂಗ್ ಕಚ್ಚಾಡ್ತವಲ್ಲಪ್ಪ," ಎಂದರು ಪುಟ್ಟತಾಯಮ್ಮ. "ನಡೀಲಾ ಸಸಿ, ಒತ್ತಾಯ್ತು."

ಹಿಂದಿನ ಇಬ್ಬರು ಹೋದಾಗ ಅರ್ಪಿತ ನೆಮ್ಮದಿಯಾಗಿ ನಿದ್ದೆ ಹೊಡೆದಿದ್ದಳು. ಎದುರು ಮಾತಾಡುವ ಈ ಮನುಷ್ಯ ಹೋಗುವುದು ಮಾತ್ರ ಅವಳಿಗೆ ಬೇಡವಾಗಿತ್ತು. ಬಾಕ್ಸರೇ ಒಳ್ಳೆಯದು ಎಂದುಬಿಟ್ಟರೆ ಮುಗಿಯಿತು. ಹಾಗೆ ಅನ್ನಲೆಂದೇ ಬಾಯಿ ತೆರೆದಳು.

"ಆದ್ರೂ ನಿಮ್ ಬಾಕ್ಸರ್ದು ಹೆಡ್ ಗ್ಯಾಸ್ಕೆಟ್ಟಲ್ಲಿ ಆಯಿಲ್ ಸೋರ್ತದಲ್ಲ, ಅದಕ್ಕೇನಂತೀರಿ?"

ಚಲುವಮ್ಮ ಹಣೆ ಚಚ್ಚಿಕೊಂಡಳು. ಶಶಿಧರ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೇಬಿಟ್ಟ, ತಾಯಿಗೆ ಹೇಳಿದ: "ನೀ ಒಳಿಕೋಗವ್ವ. ಇದು ಇವತ್ತಿಗೆ ಮುಗಿಯಕಿಲ್ಲ."

ಪುಟ್ಟತಾಯಮ್ಮ ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಸಂಬಂಧ ಒಪ್ಪುವ ಮುಂಚೆ ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು, ಕಾಫಿ ಮುಟ್ಟಬಹುದೇ ಹೊರತು ಊಟಕ್ಕೆ ಕೂರುವ ವಾಡಿಕೆ ಅವರಲ್ಲಿಲ್ಲ. ದೊಡ್ಡದೊಂದು ಉಸಿರುಬಿಟ್ಟು ಚಲುವಮ್ಮನ ಕಡೆ ತಿರುಗಿದರು.

"ಅದೇನ್ ಕೂಗಾಡ್ತವೋ ಕೂಗಾಡ್ಕಳ್ಲಿ ಬುಡಿ. ನೀವು ಮುದ್ದೆಗೆ ಎಸ್ರಿಡ್ರವ್ವ."

ಚಲುವಮ್ಮ ಒಲೆಯತ್ತ ಓಡಿದಳು. ಪುಟ್ಟತಾಯಮ್ಮ ಅಡುಗೆಮನೆಯಲ್ಲಿ ಮಣೆ ಎಳೆದುಕೊಂಡು ಕೂತು, ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯತೊಡಗಿದರು.